ನಟನೆ ನಿಜ, ಕಥೆ?

ಐತಿಹಾಸಿಕ ಚಿತ್ರವೆಂದರೆ ಜರತಾರಿ ಪೋಷಾಕು, ಕಿರೀಟ, ದೊಡ್ಡ ಅರಮನೆ ಅಂತ ನೀವೂ ಅಂದುಕೊಂಡಿದ್ದೀರಾ, ಸೋದರಿಯರೇ? 1960ರ ‘ರಣಧೀರ ಕಂಠೀರವ’ವನ್ನೇ ನೋಡಿ. ಕಪ್ಪು-ಬಿಳುಪಿನ ಚಿತ್ರ. ಅರಮನೆ ಬರೀ ಸೆಟ್ಟು ಅಂತ ನಮಗೆ ಗೊತ್ತಾಗಿಬಿಡುತ್ತೆ. ಆದರೂ ರಾಜಕುಮಾರ್ ಅಖಾಡಕ್ಕೆ ಇಳಿದರೆ ಕಂಠೀರವ ನರಸರಾಜ ಒಡೆಯರೇ ಇಳಿದ ಹಾಗೆ! ವಿಜಯದಶಮಿಗೆ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡುವ ನಮ್ಮ ಮೈಸೂರಿನವರ ಮುಂದೆ ಪೊಳ್ಳು ಕುಸ್ತಿ ನಡೆಯೋದಿಲ್ಲ.

ಹಾಗಂತ ನಟನೆ ಚೆನ್ನಾಗಿದ್ದರೆ ಎಲ್ಲವೂ ಸರಿಯೇ? ನನ್ನ ಮಗ ಹೌದು ಅಂತಾನೆ. ಅವನಿಗೆ 2017ರ ‘ಘಾಜಿ’ ಅಂದರೆ ಪ್ರಾಣ. ಜಲಾಂತರ್ಗಾಮಿಯೊಳಗಿನ ಆ ಇಕ್ಕಟ್ಟು, ಬೆವರು, ಕೆ.ಕೆ. ಮೆನನ್ ಅವರ ಸಿಟ್ಟು – ನಾನೂ ಉಸಿರು ಬಿಗಿಹಿಡಿದೇ ನೋಡಿದೆ. ಆದರೆ 1971ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಬಳಿ ಪಾಕಿಸ್ತಾನದ ಘಾಜಿಯನ್ನು ಮುಳುಗಿಸಿದ್ದು ‘ರಜಪೂತ್’ ಎಂಬ, ನೀರಿನ ಮೇಲೆ ಓಡುವ ಯುದ್ಧನೌಕೆ ಅಂತ ನಮ್ಮ ನೌಕಾಪಡೆ ಹೇಳುತ್ತದೆ. ಒಳಗೇ ಸ್ಫೋಟವಾಯಿತು ಅಂತ ಪಾಕಿಸ್ತಾನದವರ ವಾದ. ಚಿತ್ರದಲ್ಲಿ ನೋಡಿದರೆ, ಆ ಕೀರ್ತಿಯೆಲ್ಲ ನಮ್ಮದೊಂದು ಜಲಾಂತರ್ಗಾಮಿಗೆ!

“ಸಿನಿಮಾ ತಾನೇ, ಬಿಡಮ್ಮ” ಅಂತಾನೆ. ಹೇಗೆ ಬಿಡೋದು? ಕಿರೀಟದ ಆಕಾರ ತಪ್ಪಿದರೆ ಹೋಗಲಿ ಅನ್ನಬಹುದು. ‘ರಜಪೂತ್’ ನಾವಿಕರ ಮನೆಯ ಹೆಂಗಸರು ಈ ಚಿತ್ರ ನೋಡಿದರೆ ಏನಂದುಕೊಂಡಾರು? ನಟನೆ ಕೆಟ್ಟದಾಗಿದ್ದಿದ್ದರೆ ನಕ್ಕು ಮರೀತಿದ್ದೆವು. ಇಷ್ಟು ಚೆನ್ನಾಗಿರೋದರಿಂದಲೇ ಮಕ್ಕಳು ಅದನ್ನೇ ಚರಿತ್ರೆ ಅಂತ ನಂಬಿ ಕೂತಿದ್ದಾರೆ.