ಸಾಧು ವಾಹನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯ ರೈತನು ಮಗನಿಗೆ ಗಳೆ ಹೊಡೆಯಲು ಕಲಿಸುವಾಗ ಸೊಕ್ಕಿನ ಹೋರಿಗಳನ್ನು ಹೂಡುವುದಿಲ್ಲ. ಸಾಲು ಬಲ್ಲ ಹಳೆಯ ಎತ್ತುಗಳನ್ನು ಹೂಡುತ್ತಾನೆ. ಹುಡುಗನು ಹಗ್ಗವನ್ನು ತಪ್ಪಾಗಿ ಜಗ್ಗಿದರೂ ಅವು ಬೆದರುವುದಿಲ್ಲ. ಸಾಧು ಎತ್ತೇ ಕಲಿಯುವವನ ಮೊದಲ ಗುರು.

ಮೋಟಾರು ಸೈಕಲ್ಲಿಗೂ ಈ ಮಾತು ಸಲ್ಲುತ್ತದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳ 250 ಸಿ.ಸಿ. ವಾಹನಗಳು ಪಳಗಿದ ಕೈಗೆ ಒಪ್ಪುವಂಥವು. 1985ರಲ್ಲಿ ಬಂದ ಹೀರೋ ಹೋಂಡಾದಂತಹ 100 ಸಿ.ಸಿ.ಯ ಹಗುರ ವಾಹನವಾದರೋ ಹೊಸಬನ ತಪ್ಪನ್ನು ತಾಳಿಕೊಳ್ಳುತ್ತದೆ. ಕ್ಲಚ್ಚನ್ನು ಅವಸರದಲ್ಲಿ ಬಿಟ್ಟರೆ ಬಲಿಷ್ಠ ಎಂಜಿನ್ನು ಮುನ್ನುಗ್ಗುತ್ತದೆ. ಸಣ್ಣ ಎಂಜಿನ್ನು ಒಮ್ಮೆ ಕುಲುಕಿ ನಿಂತುಬಿಡುತ್ತದೆ. ಆಸನವು ಎರಡೂ ಪಾದಗಳು ನೆಲಕ್ಕೂರುವಷ್ಟು ತಗ್ಗಾಗಿರಬೇಕು. ಮಳೆಗೆ ನೆನೆದ ಎರೆಮಣ್ಣಿನ ದಾರಿಯಲ್ಲಿ ಆ ಪಾದಗಳೇ ಆಸರೆ.

ಹೊಲದಲ್ಲಿ ಇಷ್ಟು ವಿವೇಕ ತೋರುವ ತಂದೆಯು ವಾಹನದ ಅಂಗಡಿಯಲ್ಲಿ ಅದನ್ನು ಮರೆಯುವುದುಂಟು. ತೊಗರಿ ಮಾರಿದ ಹಣದಿಂದ, ಮಗನು ಮೆಚ್ಚಿದ ಅಬ್ಬರದ ವಾಹನವನ್ನೇ ಕೊಂಡುಕೊಡುತ್ತಾನೆ. ಮುರಿದ ವಾಹನವನ್ನು ಮತ್ತೆ ಕೊಳ್ಳಬಹುದು, ಮಗನನ್ನಲ್ಲ. ಗೇರುಳ್ಳ ವಾಹನವನ್ನು ನಡೆಸಲು 18 ವರ್ಷ ತುಂಬಿರಬೇಕೆಂಬ ಕಾನೂನಿನ ಹಿಂದೆಯೂ ಇದೇ ಕಾಳಜಿಯಿದೆ. ಹೋರಿಯ ಹೆಗಲು ಬಲಿಯುವವರೆಗೆ ನೊಗವಿಡದೆ ಕಾಯುವ ರೈತನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.