ಮಂಡಿಯ ಅಳತೆ

ಜನವರಿ 13, ಸೋಮವಾರ, ಬೆಳಿಗ್ಗೆ

ಎಡ ಮಂಡಿ ಮಡಚುತ್ತಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಎಲುಬಿಗೆ ಏನೂ ಆಗಿಲ್ಲ ಅಂದರು ಡಾಕ್ಟರು. ಮಣ್ಣು ತೆಗೆದು, ಟಿಟಿ ಚುಚ್ಚಿ, ಪಟ್ಟಿ ಕಟ್ಟಿದ್ದಾರೆ. ಹದಿನೈದು ದಿನ ಸೈಕಲ್ ಮುಟ್ಟಬಾರದಂತೆ.

ಬಿದ್ದದ್ದಕ್ಕೆ ಸಿಟ್ಟಿಲ್ಲ. ತುರಹಳ್ಳಿ ಕಾಡಿನ ಬಂಡೆ ಇಳಿಜಾರಿನಲ್ಲಿ ಬೀಳದವರು ಯಾರು? ಆದರೆ ಪ್ಯಾಡ್ ಹಾಕಿಕೊಂಡಿದ್ದೆ. ಎದ್ದು ನೋಡಿದರೆ ಅದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗಿತ್ತು.

ಅದೇ ದಿನ, ರಾತ್ರಿ

ಪ್ಯಾಡನ್ನು ದೀಪದ ಕೆಳಗಿಟ್ಟು ನೋಡಿದೆ. ಹರಿದಿಲ್ಲ. ಒಳಗಿನ ಕಿತ್ತಳೆ ಬಣ್ಣದ ತುಂಡನ್ನು ನಿಧಾನ ಒತ್ತಿದರೆ ಬಾಗುತ್ತದೆ, ಮೇಜಿಗೆ ಬಡಿದರೆ ಗಟ್ಟಿಯಾಗುತ್ತದೆ. ತನ್ನ ಕೆಲಸ ಅದಕ್ಕೆ ಗೊತ್ತು. ಮಂಡಿಯ ಮೇಲೆ ಇದ್ದಿದ್ದರೆ ಮಾಡುತ್ತಿತ್ತು.

ತೊಡೆಯ ಮೇಲೆ ಎಲಾಸ್ಟಿಕ್ ಕೊರೆದ ಕೆಂಪು ಗೆರೆ ಇನ್ನೂ ಇದೆ. ಕೆಳಗೆ ಮೀನಖಂಡದ ಹತ್ತಿರ ಎರಡು ಬೆರಳು ಸಲೀಸಾಗಿ ತೂರುತ್ತವೆ. ಮೇಲೆ ಬಿಗಿ, ಕೆಳಗೆ ಸಡಿಲ. ತೊಡೆ ಮಂಡಿಯ ಕಡೆ ಬರುತ್ತಾ ಸಣ್ಣಗಾಗುತ್ತದೆ. ಬಿಗಿ ಪಟ್ಟಿ ದಪ್ಪ ಜಾಗದಲ್ಲಿ ನಿಲ್ಲದೆ ಸಣ್ಣ ಜಾಗ ಹುಡುಕಿಕೊಂಡು ಇಳಿಯುತ್ತದೆ. ಪೆಡಲ್ ತುಳಿದಾಗಲೆಲ್ಲ ಸ್ನಾಯು ಉಬ್ಬಿ ಇನ್ನಷ್ಟು ತಳ್ಳುತ್ತದೆ. ಕೆಳಗಿನ ಪಟ್ಟಿ ತಡೆದು ಹಿಡಿಯಬೇಕು. ಅದೇ ಸಡಿಲ.

ಬೀಳುವ ಮೊದಲೇ ಜಾರಿತ್ತೋ, ಬಿದ್ದ ಏಟಿಗೆ ಜಾರಿತೋ. ಏರುವಾಗ ಮತ್ತೆ ಮತ್ತೆ ಎಳೆದುಕೊಂಡದ್ದು ಮಾತ್ರ ನೆನಪಿದೆ.

ಜನವರಿ 14, ಸಂಕ್ರಾಂತಿ

ಜಮಖಂಡಿಯಿಂದ ಅವ್ವನ ಫೋನು. ಸಜ್ಜಿ ರೊಟ್ಟಿ, ಬದನೀಕಾಯಿ, ಶೇಂಗಾ ಹೋಳಿಗಿ, ಎಲ್ಲ ಹೇಳಿ ಮುಗಿಸಿ ಕಾಲಿನ ವಿಷಯಕ್ಕೆ ಬಂದಳು. "ಆ ಕಲ್ಲಾಗ ಯಾಕ ಹೊಡೀತಿಯವ್ವಾ ಸೈಕಲ್ಲು? ನಮ್ಮ ಕಡೀ ಹುಡುಗ್ಯಾರು ಡಾಂಬರ ರಸ್ತಾದಾಗ ಹೊಡ್ಯಾಂಗಿಲ್ಲೇನು?"

ಹೊಡೆಯುತ್ತಾರೆ. ಬಾಗಲಕೋಟೆ, ವಿಜಯಪುರದ ರಸ್ತೆಗಳಲ್ಲಿ ಬೆಳಗಿನ ಜಾವ ಸಾಲಾಗಿ ಹೋಗುವ ಆ ಹುಡುಗಿಯರನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಅವರ ಕಾಲುಗಳು ಕಣ್ಣ ಮುಂದೆ ಬಂದವು. ಗಟ್ಟಿ ತೊಡೆ, ಬಿಸಿಲಿಗೆ ಕಪ್ಪಾದ ಮಂಡಿ. ಯಾರೂ ಮುಚ್ಚಿಕೊಂಡು ನಿಲ್ಲುತ್ತಿರಲಿಲ್ಲ.

ಅವ್ವನಿಗೆ ಏನೂ ಹೇಳಲಿಲ್ಲ. ಹೂಂ ಅಂದೆ.

ಜನವರಿ 18, ಶನಿವಾರ

ಹೊಸ ಪ್ಯಾಡಿಗೆಂದು ಹೋದರೆ ಅಂಗಡಿಯ ಹುಡುಗ ನನ್ನ ಮುಖ ನೋಡಿದ ಕೂಡಲೇ ಎಸ್ ಸೈಜ್ ತೆಗೆದ. "ಲೇಡೀಸ್‌ಗೆ ಎಸ್ಸೇ ಬರೋದು ಮೇಡಂ." ಅಳತೆ ಟೇಪ್ ಇದೆಯಾ ಅಂದೆ. ಇಲ್ಲ. ಎಲ್ ಕೊಡಿ ಅಂದೆ. "ಅದು ಜೆಂಟ್ಸ್‌ದು."

ಹಾಕಿ ನೋಡಿದೆ. ತೊಡೆಗೆ ಸರಿ. ಉದ್ದ ಜಾಸ್ತಿ, ಕೆಳ ಅಂಚು ಮೀನಖಂಡದ ಅರ್ಧಕ್ಕೆ ಬಂತು. ಕಾಲು ಮಡಚಿದರೆ ಮಂಡಿಯ ಹಿಂದೆ ಬಟ್ಟೆ ಮುದ್ದೆಯಾಗಿ ಒತ್ತಿತು. ಕೈಯಲ್ಲಿ ಹಿಡಿದು ತಿರುಗಿಸಿದರೆ ಇಡೀ ಪ್ಯಾಡ್ ಪಕ್ಕಕ್ಕೆ ತಿರುಗಿತು. ಎಸ್ ಕೆಳಗಿಳಿಯುತ್ತದೆ, ಎಲ್ ಸುತ್ತುತ್ತದೆ.

"ನಿಮ್ದು ಮೇಲ್ಗಡೆ ಸ್ವಲ್ಪ..." ಅಂದು ನಿಲ್ಲಿಸಿದ. ಕೆಟ್ಟವನಲ್ಲ. ಸಣ್ಣ ವಯಸ್ಸು, ಅವನಿಗೇ ಮುಜುಗರವಾಯಿತು. ಆದರೂ ಆ ಅರ್ಧ ಮಾತು ಮನೆಯವರೆಗೂ ಬಂತು.

ಜನವರಿ 19, ಭಾನುವಾರ

ಗುಂಪಿನವರೆಲ್ಲ ಸೈಕಲ್ ಹೊಡೆಯಲು ಕಾಡಿಗೆ ಹೋಗಿದ್ದಾರೆ. ಮನೆಯಲ್ಲಿ ಕೂತು ಪ್ಯಾಡಿನ ಒಳಚೀಟಿ ಓದಿದೆ. ಇಎನ್ 1621-1, ಲೆವೆಲ್ 1. ಪಕ್ಕದಲ್ಲಿ ಮೋಟರ್‌ಸೈಕಲ್ ಸವಾರನ ಪುಟ್ಟ ಚಿತ್ರ. ಯುರೋಪಿನ ಈ ಮಾನದಂಡ ಮೋಟರ್‌ಸೈಕಲ್‌ನವರಿಗಾಗಿ ಹುಟ್ಟಿದ್ದು, ನಾವೂ ಅದನ್ನೇ ನಂಬಿದ್ದೇವೆ. ಪೆಟ್ಟು 50 ಜೂಲ್, ಅಂದರೆ 5 ಕಿಲೋ ಭಾರವನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಬಿಟ್ಟಷ್ಟು. ಆಚೆಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2.

ಪೆಟ್ಟಿನ ಪರೀಕ್ಷೆಗೆ ಪ್ಯಾಡನ್ನು ಉಕ್ಕಿನ ದಿಮ್ಮಿಯ ಮೇಲೆ ಇಡುತ್ತಾರೆ. ಭಾರ ನೇರ ಅದರ ಮೇಲೇ ಬೀಳುತ್ತದೆ. ದಿಮ್ಮಿ ಬೆವರುವುದಿಲ್ಲ. ಪೆಡಲ್ ತುಳಿಯುವುದಿಲ್ಲ.

ಲೆವೆಲ್ 2 ತೆಗೆದುಕೊಳ್ಳಬೇಕು ಅಂತ ನಿನ್ನೆಯವರೆಗೂ ಯೋಚಿಸುತ್ತಿದ್ದೆ. ಸಾಮಾನ್ಯವಾಗಿ ಅದು ದಪ್ಪ, ಸೆಕೆ. ಈಗ ಅನ್ನಿಸುತ್ತಿದೆ, ಜಾಗದಲ್ಲಿ ನಿಲ್ಲುವ ಲೆವೆಲ್ 1 ಸಾಕು.

ಜನವರಿ 23, ಗುರುವಾರ

ಬ್ಲೌಸ್ ತರಲು ಟೈಲರ್ ಅಕ್ಕನ ಹತ್ತಿರ ಹೋದವಳು ಪ್ಯಾಡನ್ನೂ ಒಯ್ದೆ. ಅಳತೆ ತೆಗೆದುಕೊಡಿ ಅಂದೆ. ಮಂಡಿಚಿಪ್ಪಿನ ನಡುವಿನಿಂದ ಮೇಲಕ್ಕೆ 10 ಸೆಂಟಿಮೀಟರ್ ಗುರುತು ಹಾಕಿ ಅಲ್ಲಿ ತೊಡೆಯ ಸುತ್ತು, ಕೆಳಗೂ ಅಷ್ಟೇ ಬಿಟ್ಟು ಮೀನಖಂಡದ ಸುತ್ತು. ನನ್ನ ಕೈಯಲ್ಲಿರುವ ಕಂಪನಿಯ ಅಳತೆ ಚಾರ್ಟ್ ಕೇಳುವುದು ಹಾಗೆ. ಬೇರೆ ಕಂಪನಿಯದು 15 ಕೇಳುತ್ತದೆ.

ನಾನು ಉಸಿರು ಬಿಗಿಹಿಡಿದು ಕಾಲು ಗಟ್ಟಿ ಮಾಡಿದೆ. "ಸಡಿಲ ಬಿಡಿ, ನಾನೇನು ಕಡಿಮೆ ಬರೆದುಕೊಳ್ಳಲ್ಲ" ಅಂದರು. ತೊಡೆ 19½ ಅಂಗುಲ. ಮೀನಖಂಡ 13½. ಬಲಗಾಲಿನ ತೊಡೆ ಅರ್ಧ ಅಂಗುಲ ಜಾಸ್ತಿ. ಸೆಂಟಿಮೀಟರಿಗೆ ತಿರುಗಿಸಿ ಚಾರ್ಟಿಗೆ ಹಿಡಿದರೆ ತೊಡೆ ಎಲ್, ಮೀನಖಂಡ ಎಸ್ ಮತ್ತು ಎಂ ನಡುವೆ.

ಅಕ್ಕ ಚೀಟಿ ನೋಡಿ ಕೇಳಿದರು: "ಒಂದು ಚೂಡಿದಾರ್ ಪ್ಯಾಂಟಿಗೆ ತೊಡೆ, ಮಂಡಿ, ಮೀನಖಂಡ, ಪಾದ, ಎಲ್ಲ ಬೇರೆ ಬೇರೆ ತಗೋತೀನಿ. ಪೆಟ್ಟು ತಡೆಯೋ ವಸ್ತುಗೆ ಒಂದೇ ಅಕ್ಷರನಾ?"

ಜನವರಿ 25, ಶನಿವಾರ, ಬೆಳಗಿನ ಜಾವ

ನಿದ್ದೆಯಿಲ್ಲ. ಆರನೇ ಕ್ಲಾಸಿನ ಪಿ.ಟಿ. ಪೀರಿಯಡ್ಡು ನೆನಪಾಯಿತು. ಹಿಂದಿನಿಂದ ಯಾರೋ ಏನೋ ಅಂದದ್ದು, ಅವತ್ತಿನಿಂದ ಲಂಗ ಕೆಳಕ್ಕೆ ಎಳೆದುಕೊಳ್ಳುತ್ತಾ ಓಡಿದ್ದು. ಈ ತೊಡೆಯೇ ನನ್ನನ್ನು ಏರು ಹತ್ತಿಸುತ್ತದೆ. ಅದರ ಬಗ್ಗೆ ಒಳ್ಳೆಯ ಮಾತು ನಾನೂ ಆಡಿಲ್ಲ, ಯಾರೂ ಆಡಿಲ್ಲ.

19½. ಬರೆದಿಟ್ಟರೆ ಬರೀ ಒಂದು ಸಂಖ್ಯೆ.

ಫೆಬ್ರವರಿ 6, ಗುರುವಾರ

ವೆಂಡಿ ಕ್ರಾಗ್ ತೆಗೆದ ಫೋಟೋಗಳು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ, 1970ರ ದಶಕ. 1976ರಲ್ಲಿ ಶುರುವಾದ ರಿಪ್ಯಾಕ್ ಎಂಬ ಬೆಟ್ಟ ಇಳಿಯುವ ಸೈಕಲ್ ರೇಸಿನ ಗುಂಪಿನಲ್ಲಿ ಸೈಕಲ್ ಹೊಡೆದ ಬೆರಳೆಣಿಕೆಯ ಹೆಂಗಸರಲ್ಲಿ ಆಕೆ ಒಬ್ಬಳು. ಜೀನ್ಸ್, ಬೂಟು, ಧೂಳು. ಆಕೆ ಕ್ಯಾಮೆರಾ ಹಿಂದೆ ಇದ್ದುದರಿಂದ ಹೆಚ್ಚಿನ ಚಿತ್ರಗಳಲ್ಲಿ ಗಂಡಸರೇ. ಆಕೆಯ ಮಂಡಿಗೆ ಎಷ್ಟು ಗಾಯವಾಗಿದ್ದಿರಬಹುದು? ಬಹಳ ಹೊತ್ತು ನೋಡಿದೆ.

ಫೆಬ್ರವರಿ 15, ಶನಿವಾರ

ಬೇರೆ ಅಂಗಡಿ, ಊರಿನ ಆ ತುದಿ. ಹೆಂಗಸರ ಅಳತೆಯದು ಒಂದೇ ಜೊತೆ ಇತ್ತು, ಎಲ್. ಉದ್ದ ಕಡಿಮೆ. ತೊಡೆಯ ಕಡೆ ಅಗಲ, ಮೀನಖಂಡದ ಕಡೆ ಕಿರಿದು. ಮೇಲೆ ಕೆಳಗೆ ಬೇರೆ ಬೇರೆ ವೆಲ್ಕ್ರೋ ಪಟ್ಟಿ. ತೊಡೆಯ ಅಂಚಿನ ಒಳಗೆ ಸಿಲಿಕಾನ್ ಗೆರೆಗಳು.

ನಿಂತುಕೊಂಡು ನೋಡಿದರೆ ಸಾಲದು. ಅಲ್ಲೇ ಇದ್ದ ಒಂದು ಸೈಕಲ್ ಹತ್ತಿ ಕೂತೆ, ಮಂಡಿ ಪೂರ್ತಿ ಮಡಚಿದೆ. ಪ್ಯಾಡಿನ ಬಟ್ಟಲಿನ ನಡುವೆ ಚಿಪ್ಪು ಕೂತಿತು. ಇಳಿದು ನೆಲಕ್ಕೆ ಮಂಡಿಯೂರಿ ಮುಂದಕ್ಕೆ ಜಾರಿದೆ. ಪ್ಯಾಡ್ ಕದಲಲಿಲ್ಲ. ನೆಲ ಒರೆಸುತ್ತಿದ್ದ ಹೆಂಗಸು ನಿಂತು ನೋಡಿದರು. "ಏನಮ್ಮಾ ಇದು, ಮಂಡಿನೋವಿಗಾ?" ಅಂದರು. ಅಲ್ಲ, ಬೀಳೋದಕ್ಕೆ ಅಂದೆ. "ನಂಗೂ ಬೇಕಿತ್ತು ಒಂದು ಜೊತೆ" ಅಂದು ಬಗ್ಗಿ ಮತ್ತೆ ಒರೆಸತೊಡಗಿದರು. ಇಡೀ ದಿನ ನೆಲದ ಮೇಲೆ ಅವರ ಮಂಡಿ.

ಬೆಲೆ ಜಾಸ್ತಿ. ಕೊಂಡೆ. ಅವರ ಮಾತು ತಲೆಯಲ್ಲಿ ಹಾಗೇ ಕೂತಿದೆ.

ಫೆಬ್ರವರಿ 16, ಭಾನುವಾರ

ಮತ್ತೆ ತುರಹಳ್ಳಿ. ಏರಿನಲ್ಲಿ ಒಂದು ಸಲವೂ ಕೈ ಕೆಳಕ್ಕೆ ಹೋಗಲಿಲ್ಲ. ಇಳಿಜಾರಿನ ತುದಿಯಲ್ಲಿ ನಿಂತೆ. ಎದೆ ಹೊಡೆದುಕೊಂಡಿತು. ಇಳಿದೆ. ಬ್ರೇಕ್ ಕಡಿಮೆ ಹಿಡಿದೆ, ಬೇಕಿದ್ದಕ್ಕಿಂತ ಕಡಿಮೆ ಅನ್ನಿಸಿತು.

ಪ್ಯಾಡ್ ಸರಿಯಿದ್ದಷ್ಟೂ ವೇಗ ಹೆಚ್ಚುತ್ತದೆಯೇ? ಹಾಗಾದರೆ ಉಳಿದದ್ದೇನು?

ಫೆಬ್ರವರಿ 26, ಶಿವರಾತ್ರಿ

ಸೆಕೆ ಶುರು. ಎಂಟು ಗಂಟೆಗೇ ಮಂಡಿಯ ಹಿಂದೆ ಬೆವರು, ತುರಿಕೆ. ಒಳಗಿನ ತುಂಡು ತೆಗೆದು, ತಣ್ಣೀರಲ್ಲಿ ಒಗೆದು ನೆರಳಿಗೆ ಹಾಕಿದೆ. ಒದ್ದೆಯಿದ್ದಾಗ ಎಡಗಾಲಿನದು ಸ್ವಲ್ಪ ಸಡಿಲವಾಗುತ್ತದೆ. ಬಲದ್ದು ಇಲ್ಲ. ತೊಡೆಯ ಆ ಅರ್ಧ ಅಂಗುಲದ ವ್ಯತ್ಯಾಸ ಇರಬೇಕು.

ನಮ್ಮ ಗುಂಪಿನ ಸ.ಗೆ ಇವತ್ತು ಪೆಡಲ್ ತಿರುಗಿ ಹೊಡೆಯಿತು. ಪೆಡಲಿನ ಪಿನ್ನುಗಳು ಮುಂಗಾಲಿನ ಎಲುಬಿನ ಮೇಲೆ ಸಾಲಾಗಿ ಗೀರಿವೆ. ಅವಳು ಏನನ್ನೂ ಹಾಕುವುದಿಲ್ಲ. "ಅಕ್ಕ, ಅದು ಹಾಕಿದ್ರೆ ಕಾಲು ಕಂಬದ ಥರ ಕಾಣುತ್ತೆ." ಇಪ್ಪತ್ತೆರಡು ವಯಸ್ಸು. ನಾನು ಗದರಿಬಿಟ್ಟೆ. ಆಮೇಲೆ ಗಾಯ ತೊಳೆಯುತ್ತಾ ಇಬ್ಬರೂ ಸುಮ್ಮನಿದ್ದೆವು. ಅವಳ ತಲೆಯಲ್ಲಿ ಆ ಮಾತು ಇಟ್ಟವರು ಯಾರು ಅಂತ ಕೇಳಲಿಲ್ಲ.

ಮಾರ್ಚ್ 2, ಭಾನುವಾರ

ಸ. ಮನೆಗೆ ಬಂದಳು. ಟೇಪ್ ತೆಗೆದೆ. ಬೇಡ ಅಂದಳು, ಆಮೇಲೆ ಕಾಲು ಚಾಚಿದಳು. ತೊಡೆ 17½, ಮೀನಖಂಡ 14½. ನನ್ನದಕ್ಕೆ ತಿರುಗುಮುರುಗು. ನನ್ನ ಪ್ಯಾಡ್ ಅವಳಿಗೆ ಮೇಲೆ ಸಡಿಲ, ಕೆಳಗೆ ಬಿಗಿ. ಹೆಂಗಸರದು ಎಂದು ಬರೆದದ್ದು ಅವಳಿಗೆ ಆಗುವುದಿಲ್ಲ. ಗಂಡಸರ ಎಂ ಸರಿಹೋದೀತು. ಹೆಂಗಸರಿಗೆ ಹೆಂಗಸರ ಅಳತೆಯದೇ ಬೇಕು ಅಂತ ಇಷ್ಟು ದಿನ ನಾನು ಹೇಳಿಕೊಂಡು ಬಂದದ್ದು ಅವಳ ಕಾಲಿಗೆ ಹೊಂದಲಿಲ್ಲ.

ಅವಳಿಗೆ ಮುಂಗಾಲೂ ಮುಚ್ಚುವ ಉದ್ದದ್ದು ಬೇಕು ಅಂತ ನಾನು. ಇನ್ನೂ ಪೆಡಲ್ ಮೇಲೆ ಪಾದ ನಿಲ್ಲುವುದಿಲ್ಲ ಅವಳಿಗೆ. ಬೇಸಿಗೆಯಲ್ಲಿ ಅಷ್ಟುದ್ದದ್ದು ಯಾರು ಹಾಕುತ್ತಾರೆ, ಮೊದಲ ಏರಿನಲ್ಲೇ ಬಿಚ್ಚಿ ಬ್ಯಾಗಿಗೆ ಹಾಕುತ್ತೇನೆ, ಮಂಡಿಯದೊಂದೇ ಸಾಕು ಅಂತ ಅವಳು. ಅವಳು ಹೇಳಿದ್ದೂ ಸುಳ್ಳಲ್ಲ. ಊಟ ಮುಗಿದರೂ ತೀರ್ಮಾನವಾಗಲಿಲ್ಲ. ಶನಿವಾರ ಎರಡನ್ನೂ ಹಾಕಿ ನೋಡುವುದು.