ಅಸಲು ಪ್ಯಾರಿಸ್‌ನಲ್ಲಿ, ನಕಲು ಕಿಯೋಸ್‌ನಲ್ಲಿ

ಏಜಿಯನ್ ಸಮುದ್ರದ ಪೂರ್ವದಂಚಿನಲ್ಲಿ, ತುರ್ಕಿಯ ಕರಾವಳಿಗೆ ತೀರ ಹತ್ತಿರದಲ್ಲಿರುವ ಗ್ರೀಕ್ ದ್ವೀಪ ಕಿಯೋಸ್. ತುರ್ಕಿಯ ಚೆಶ್ಮೆ ಬಂದರಿನಲ್ಲಿ ದೋಣಿ ಹತ್ತಿದವರು ಒಂದು ಗಂಟೆಯೊಳಗೆ ಇಲ್ಲಿ ಬಂದಿಳಿಯುತ್ತಾರೆ. ಅಥೆನ್ಸ್ ಕಡೆಯಿಂದ, ಪಿರೇಯಸ್ ಬಂದರಿನಿಂದ ಬರುವವರಿಗೆ ಮಾತ್ರ ಇದು ಒಂದು ರಾತ್ರಿಯ ಹಡಗು ಪ್ರಯಾಣ. ಊರಿನ ನಡುವೆ ವುನಾಕಿ ಎಂಬ ಚೌಕ. ಅಲ್ಲಿ 19ನೆಯ ಶತಮಾನದ ಒಂದು ಮಸೀದಿ ಇದೆ. ಅದೇ ಈಗ ಬೈಜಾಂಟೈನ್ ವಸ್ತುಸಂಗ್ರಹಾಲಯ. ಅಂಗಳದಲ್ಲಿ ತುರ್ಕರ, ಯಹೂದಿಗಳ, ಆರ್ಮೇನಿಯನ್ನರ ಸಮಾಧಿಕಲ್ಲುಗಳು ಒಟ್ಟಿಗೇ ಇವೆ.

ಈ ಸಂಗ್ರಹಾಲಯದ ಒಂದು ಚಿತ್ರ 2009ರಲ್ಲಿ ದೊಡ್ಡ ವಿವಾದಕ್ಕೆ ಕಾರಣವಾಯಿತು. ಸೋಜಿಗವೆಂದರೆ, ಆ ಚಿತ್ರ ಅಸಲಲ್ಲ, ನಕಲು!

ಇಪ್ಪತ್ತಾರರ ಹರೆಯದ ಚಿತ್ರಕಾರ

ಗ್ರೀಕರು ಆಟೊಮನ್ ಸಾಮ್ರಾಜ್ಯದ ವಿರುದ್ಧ ಸ್ವಾತಂತ್ರ್ಯ ಯುದ್ಧ ಹೂಡಿದ್ದು 1821ರಲ್ಲಿ. ವ್ಯಾಪಾರದಿಂದ ಅನುಕೂಲವಾಗಿದ್ದ ಕಿಯೋಸ್‌ನ ಹೆಚ್ಚಿನವರಿಗೆ ದಂಗೆ ಬೇಕಿರಲಿಲ್ಲ. 1822ರ ಮಾರ್ಚ್‌ನಲ್ಲಿ ನೆರೆಯ ಸಾಮೋಸ್ ದ್ವೀಪದ ಹೋರಾಟಗಾರರು ಬಂದಿಳಿದು ಬಂಡಾಯ ಹೊತ್ತಿಸಿದರು. ಏಪ್ರಿಲ್‌ನಲ್ಲಿ ಸುಲ್ತಾನನ ನೌಕಾಪಡೆ ಬಂತು. ಹತ್ತಾರು ಸಾವಿರ ಜನ ಸತ್ತರು; ಹತ್ತಾರು ಸಾವಿರ ಜನ, ಅದರಲ್ಲೂ ಹೆಂಗಸರು ಮಕ್ಕಳು, ಗುಲಾಮರಾಗಿ ಮಾರಾಟವಾದರು. ಯುದ್ಧದಲ್ಲಿ ಕ್ರೌರ್ಯ ಒಂದೇ ಪಕ್ಷದ ಸ್ವತ್ತಾಗಿರಲಿಲ್ಲ ಎಂಬುದೂ ನಿಜ. 1821ರ ಅಕ್ಟೋಬರ್‌ನಲ್ಲಿ ಟ್ರಿಪೊಲಿಟ್ಸಾ ಪಟ್ಟಣ ಗ್ರೀಕರ ಕೈಸೇರಿದಾಗ ಅಲ್ಲಿನ ತುರ್ಕರಿಗೂ ಯಹೂದಿಗಳಿಗೂ ಇದೇ ಗತಿಯಾಗಿತ್ತು.

ಕಿಯೋಸ್‌ನ ಸುದ್ದಿ ಯೂರೋಪನ್ನು ಕಲಕಿತು. ಫ್ರಾನ್ಸಿನ ಯೂಜೀನ್ ಡೆಲಕ್ರಾ ಎಂಬ ತರುಣ ಅದನ್ನೇ ವಸ್ತುವಾಗಿಸಿ 1824ರ ಪ್ಯಾರಿಸ್ ಪ್ರದರ್ಶನಕ್ಕೆ ನಾಲ್ಕು ಮೀಟರಿಗೂ ಎತ್ತರದ ತೈಲಚಿತ್ರ ಬರೆದ. ಆಗ ಅವನಿಗೆ 26 ವರ್ಷ. ಆತ ಕಿಯೋಸನ್ನು ಕಣ್ಣಾರೆ ಕಂಡವನಲ್ಲ. ಅವನ ಚಿತ್ರದಲ್ಲಿ ಗೆಲುವಿನ ಬಾವುಟವಿಲ್ಲ, ವೀರನಿಲ್ಲ. ಸಾವನ್ನೋ ಗುಲಾಮಗಿರಿಯನ್ನೋ ಕಾಯುತ್ತ ಕುಸಿದು ಕುಳಿತ ಕುಟುಂಬಗಳು, ಮುಗಿಲ ಕಡೆ ನೋಡುವ ಮುದುಕಿ, ಸತ್ತ ತಾಯಿಯ ಎದೆಯನ್ನು ತಡಕುವ ಕೂಸು. ಯುದ್ಧವೆಂದರೆ ಕುದುರೆ, ಕತ್ತಿ, ವಿಜಯ ಎಂದುಕೊಂಡಿದ್ದವರಿಗೆ ಇದು ಹಿಡಿಸಲಿಲ್ಲ. ಹಿರಿಯ ಚಿತ್ರಕಾರ ಗ್ರೋ, ಇದು ಚಿತ್ರಕಲೆಯದೇ ಹತ್ಯಾಕಾಂಡ ಎಂದು ಮೂದಲಿಸಿದನಂತೆ! ಆದರೂ ಫ್ರೆಂಚ್ ಸರ್ಕಾರ ಅದನ್ನು 6,000 ಫ್ರಾಂಕ್‌ಗೆ ಕೊಂಡಿತು. ಇಂದು ಅದು ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ.

ನಕಲೂ ಒಂದು ವಿದ್ಯೆ

ಪರೀಕ್ಷೆಯಲ್ಲಿ ನಕಲು ಅಪರಾಧ. ಚಿತ್ರಕಲೆಯಲ್ಲಿ ಅದು ಪಾಠ. ಡೆಲಕ್ರಾ ತಾನೂ ಲೂವ್ರ್‌ನಲ್ಲಿ ಹಿಂದಿನವರ ಚಿತ್ರಗಳನ್ನು ನೋಡಿ ಬರೆದೇ ಕೈ ಪಳಗಿಸಿಕೊಂಡವನು. 1793ರಲ್ಲಿ ಸಾರ್ವಜನಿಕರಿಗೆ ತೆರೆದಂದಿನಿಂದ ಅಲ್ಲಿ ಈ ಪದ್ಧತಿ ನಡೆದು ಬಂದಿದೆ. ಅನುಮತಿ ಪಡೆದವರು ಚಿತ್ರದೆದುರು ಸ್ಟ್ಯಾಂಡ್ ಇಟ್ಟುಕೊಂಡು ಪ್ರತಿ ಮಾಡಬಹುದು. ಆದರೆ ಪ್ರತಿಯ ಅಳತೆ ಮೂಲದ ಅಳತೆಯಾಗಿರಕೂಡದು, ಮೂಲ ಕಲಾವಿದನ ಸಹಿಯನ್ನು ಹಾಕಕೂಡದು. ಮೋಸಕ್ಕೆ ಅವಕಾಶವಾಗದಿರಲೆಂದು ಈ ಕಟ್ಟಳೆ.

ಕೆಲಸ ನಿಧಾನದ್ದು. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಆರುವುದು ಒದ್ದೆ ಬಟ್ಟೆ ಒಣಗಿದಂತಲ್ಲ. ಇಲ್ಲಿ ನೀರು ಆವಿಯಾಗುವುದಿಲ್ಲ. ಎಣ್ಣೆಯೇ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಒಂದು ಪದರಕ್ಕೆ ದಿನಗಟ್ಟಲೆ ಬೇಕು. ಅಷ್ಟು ಕಾಲ ಆ ಮುದುಕಿಯ ಕಣ್ಣನ್ನು, ಆ ಕೂಸಿನ ಕೈಯನ್ನು ದಿಟ್ಟಿಸಿ ನೋಡಲೇಬೇಕು. ಕ್ಯಾಮೆರಾ ಕ್ಷಣದಲ್ಲಿ ಮುಗಿಸುವುದನ್ನು ಕೈ ವಾರಗಟ್ಟಲೆ ಅನುಭವಿಸುತ್ತದೆ.

ಪ್ರತಿಗಳಿಂದ ಬೇರೆ ಪ್ರಯೋಜನವೂ ಉಂಟು. ಜೆರಿಕೊ ಬರೆದ ‘ಮೆಡೂಸಾದ ತೆಪ್ಪ’ ಚಿತ್ರ ಕಪ್ಪಾಗಿ ಕೆಡತೊಡಗಿದಾಗ, 1859-60ರಲ್ಲಿ ಗಿಯೆಮೆ ಮತ್ತು ರೊಂಜಾ ಎಂಬ ಇಬ್ಬರು ಚಿತ್ರಕಾರರು ಅದರ ಪೂರ್ಣ ಗಾತ್ರದ ಪ್ರತಿ ಮಾಡಿದರು. ಅದು ಫ್ರಾನ್ಸಿನ ಆಮಿಯಾ ನಗರದಲ್ಲಿದೆ.

ಮರದ ಕಣ್ಣೀರು

ಕಿಯೋಸ್‌ಗೂ ಯೂರೋಪಿನ ಚಿತ್ರಕಲೆಗೂ ಇನ್ನೊಂದು ನಂಟಿದೆ. ದ್ವೀಪದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಮಾಸ್ಟಿಕ್ ಮರಗಳನ್ನು ಬೆಳೆಸುತ್ತಾರೆ. ಬೇಸಗೆಯಲ್ಲಿ ತೊಗಟೆಗೆ ಗೀರು ಹಾಕಿದರೆ ರಾಳ ಹನಿಹನಿಯಾಗಿ ಇಳಿದು, ಬುಡದಲ್ಲಿ ಹರಡಿದ ಬಿಳಿ ಪುಡಿಯ ಮೇಲೆ ಗಟ್ಟಿಯಾಗುತ್ತದೆ. ಯುನಾನಿ ವೈದ್ಯರ ರೂಮಿ ಮಸ್ತಗಿ ಇದೇ. 1822ರಲ್ಲಿ ಈ ಹಳ್ಳಿಗಳು ಮೊದಲಿಗೆ ಉಳಿದುಕೊಂಡದ್ದೂ ಈ ರಾಳದಿಂದಲೇ, ಏಕೆಂದರೆ ಅದು ಸುಲ್ತಾನನ ಅರಮನೆಗೆ ಬೇಕಾಗಿತ್ತು.

ಇದೇ ರಾಳವನ್ನು ಟರ್ಪೆಂಟೈನಿನಲ್ಲಿ ಕರಗಿಸಿದರೆ ಚಿತ್ರಗಳ ವಾರ್ನಿಷ್. ಡೆಲಕ್ರಾನ ಕಾಲದ ಚಿತ್ರಶಾಲೆಗಳಲ್ಲಿ ಇದು ಸಾಮಾನ್ಯವಾಗಿತ್ತು. ವರ್ಷಗಳು ಕಳೆದಂತೆ ಇಂಥ ವಾರ್ನಿಷ್ ಹಳದಿಗೆ ತಿರುಗುತ್ತದೆ; ಅದರ ಹಿಂದೆ ನೀಲಿ ಆಕಾಶವೂ ಹಸಿರಾಗಿ ಕಾಣುತ್ತದೆ. ಆ ಸ್ಥಿತಿಯಲ್ಲಿ ನೋಡಿ ಮಾಡಿದ ಪ್ರತಿಗಳು ಆ ಹಳದಿಯನ್ನೂ ಹೊತ್ತಿರುತ್ತವೆ. ಡೆಲಕ್ರಾನ ಮೂಲ ಚಿತ್ರವನ್ನು ಲೂವ್ರ್ 2019-20ರಲ್ಲಿ ಶುಚಿಗೊಳಿಸಿತು.

ಗೋಡೆಯಿಂದ ಇಳಿದ ಚಿತ್ರ

ಕಿಯೋಸ್‌ನ ಸಂಗ್ರಹಾಲಯದಲ್ಲಿದ್ದದ್ದು ಈ ಚಿತ್ರದ ಪ್ರತಿ. 2009ರ ನವೆಂಬರ್‌ನಲ್ಲಿ ಅದನ್ನು ಗೋಡೆಯಿಂದ ಇಳಿಸಲಾಯಿತು. ಗ್ರೀಸ್ ಮತ್ತು ತುರ್ಕಿಯ ಬಾಂಧವ್ಯ ಸುಧಾರಿಸಲೆಂದು ತೋರಿದ ಸದ್ಭಾವನೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಗ್ರೀಕ್ ಪತ್ರಿಕೆಗಳು ಪ್ರತಿಭಟಿಸಿದವು. ಕೊನೆಗೆ ಚಿತ್ರ ಮತ್ತೆ ಪ್ರದರ್ಶನಕ್ಕೆ ಬಂತು.

ಎರಡೂ ಕಡೆಯ ವಾದದಲ್ಲಿ ಅರ್ಥವಿದೆ. ದಿನವೂ ದೋಣಿಯಲ್ಲಿ ಬರುವ ನೆರೆಯವನಿಗೆ ಹಳೆಯ ಗಾಯವನ್ನು ತೋರಿಸುತ್ತಲೇ ಇರಬೇಕೆ? ಹಾಗೆಂದು ಗಾಯವೇ ಆಗಿರಲಿಲ್ಲ ಎನ್ನಬಹುದೆ? ಒಂದು ಮಾತು ಮಾತ್ರ ಸ್ಪಷ್ಟ. ಪ್ಯಾರಿಸ್‌ನಲ್ಲಿ ಜನ ಅಸಲನ್ನು ನೋಡಿ ಡೆಲಕ್ರಾನನ್ನು ನೆನೆಯುತ್ತಾರೆ. ಕಿಯೋಸ್‌ನಲ್ಲಿ ನಕಲನ್ನು ನೋಡಿ ತಮ್ಮ ಮುತ್ತಜ್ಜಿಯರನ್ನು ನೆನೆಯುತ್ತಾರೆ. ಬೆಲೆ ಅಸಲಿಗೆ ಹೆಚ್ಚಿರಬಹುದು. ಆದರೆ ಜಗಳ ನಡೆದದ್ದು ನಕಲಿಗಾಗಿ.

ದ್ವೀಪಕ್ಕೆ ಹೋಗುವವರು ಪಟ್ಟಣದಿಂದ ಬೆಟ್ಟದ ಕಡೆ ಸಾಗಿ ನೆಯಾ ಮೋನಿ ಎಂಬ 11ನೆಯ ಶತಮಾನದ ಮಠವನ್ನೂ ನೋಡಬೇಕು. 1990ರಿಂದ ಅದು ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಒಳಗೆ ಹೊಂಬಣ್ಣದ ಹರಳುಚಿತ್ರಗಳು; ಬಾಗಿಲ ಬಳಿಯ ಪುಟ್ಟ ಗುಡಿಯಲ್ಲಿ, ಗಾಜಿನ ಕಪಾಟಿನಲ್ಲಿ, 1822ರಲ್ಲಿ ಸತ್ತವರ ತಲೆಬುರುಡೆಗಳು. ಅವಕ್ಕೆ ಮಾತ್ರ ಯಾರೂ ಪ್ರತಿ ಮಾಡಬೇಕಾಗಿಲ್ಲ.